ನಿದ್ದೆ ಬಾರದ ಕಾರು

ಜುಲೈ ತಿಂಗಳ ಒಂದು ಗುರುವಾರ. ಬೆಳಿಗ್ಗೆ ಆರೂವರೆಗೆ ತೀರ್ಥಹಳ್ಳಿಗೆ ಹೊರಟವನು ಕೀ ತಿರುಗಿಸಿದೆ. ಕಾರು ‘ಟಕ್’ ಎಂದಿತು. ಮತ್ತೆ ತಿರುಗಿಸಿದೆ. ‘ಟಕಟಕಟಕ’ ಎಂದು ಚಳಿಗೆ ಹಲ್ಲು ಕಡಿದ ಹಾಗೆ ಸದ್ದು ಮಾಡಿ, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಮಂಕಾಗಿ, ಸುಮ್ಮನಾಯಿತು. ಭಾನುವಾರ ಸಂಜೆ ಇದೇ ಕಾರು ಆಗುಂಬೆ ಘಾಟಿ ಹತ್ತಿ ಬಂದಿತ್ತು. ಆಮೇಲೆ ಶೆಡ್ಡಿನಲ್ಲಿ ನಿಂತಿತ್ತು, ಅಷ್ಟೇ.

ನಾನು ಶಿವಮೊಗ್ಗದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಇಪ್ಪತ್ತೆರಡು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಓಮ್‌ನ ನಿಯಮ, ಕಿರ್ಚಾಫ್‌ನ ನಿಯಮ, ಮೀಟರ್ ಬ್ರಿಜ್ಜು ಎಲ್ಲವನ್ನೂ ಬೋರ್ಡಿನ ಮೇಲೆ ಬರೆದಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುವಾಗ ನಗಲು ಅನುಕೂಲ.

ಮಳೆ ಹಿಡಿದಿತ್ತು. ಸೆಕೆಂಡ್ ಗೇರಿಗೆ ಹಾಕಿ ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಮನೆ ಮುಂದೆ ಕೆಸರು. ತಳ್ಳಲು ನಾನು, ನನ್ನ ಹೆಂಡತಿ, ಮತ್ತು ಬೆನ್ನುನೋವಿನ ಪಕ್ಕದ ಮನೆಯವರು. ಅವರೇ ಫೋನು ಮಾಡಿ ಒಬ್ಬ ಹುಡುಗನನ್ನು ಕರೆಸಿದರು. ಅವನು ಸ್ಕೂಟರಿನ ಮುಂದೆ ಒಂದು ಬ್ಯಾಟರಿ ಇಟ್ಟುಕೊಂಡು, ಹೆಗಲಿಗೆ ಜಂಪರ್ ಕೇಬಲ್ ಸುತ್ತಿಕೊಂಡು ಬಂದ. ಎರಡು ನಿಮಿಷದಲ್ಲಿ ಇಂಜಿನ್ ಶುರುವಾಯಿತು. ನಾನು ಕೈಮುಗಿಯುವಷ್ಟರಲ್ಲಿ ಅವನು ಇನ್ನೊಂದು ಕೆಲಸ ಮಾಡಿದ. ಇಂಜಿನ್ ಓಡುತ್ತಿದ್ದಂತೆಯೇ ನನ್ನ ಬ್ಯಾಟರಿಯ ಮೈನಸ್ ತಂತಿಯನ್ನು ಕಿತ್ತು ಮೇಲೆತ್ತಿ ಹಿಡಿದ. ಇಂಜಿನ್ ನಿಲ್ಲಲಿಲ್ಲ.

“ನೋಡಿ ಸಾರ್, ಆಲ್ಟರ್ನೇಟರ್ ಪಕ್ಕಾ ಇದೆ. ಬ್ಯಾಟ್ರಿನೇ ಹೋಗಿರೋದು” ಎಂದ.

ಬ್ಯಾಟರಿಗೆ ಮೂರೂವರೆ ವರ್ಷವಾಗಿತ್ತು. ನಂಬದೆ ಇರಲು ಕಾರಣವೇ ಇರಲಿಲ್ಲ. ಅದೇ ಸಂಜೆ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು, ಮೇಲೆ ನಾಲ್ಕು ಸಾವಿರದ ಚಿಲ್ಲರೆ ಕಟ್ಟಿ, 35 ಎಎಚ್‌ನ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದೆ. ಆ ಹುಡುಗ ತಂತಿ ಕಿತ್ತು ಹಿಡಿದ ಎರಡು ಸೆಕೆಂಡನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮುಂದಿನ ಒಂದು ವಾರ ದಿನಾ ಕಾರು ತೆಗೆಯುವ ಕೆಲಸವಿತ್ತು. ಒಂದೇ ಸೆಲ್ಫ್‌ಗೆ ಎತ್ತುತ್ತಿತ್ತು. ಅದರ ಮುಂದಿನ ಭಾನುವಾರ ಸಂಜೆ ನಿಲ್ಲಿಸಿದ್ದನ್ನು ಬುಧವಾರ ಬೆಳಿಗ್ಗೆ ತೆಗೆಯಲು ಹೋದರೆ, ‘ಟಕ್’. ಹಳೆಯ ಬ್ಯಾಟರಿ ಗುರುವಾರ ಸತ್ತಿತ್ತು. ಹೊಸದು ಬುಧವಾರವೇ ಸತ್ತಿತು. ಬುದ್ಧಿಯಿದ್ದವನಿಗೆ ಇಷ್ಟು ಸುಳಿವು ಸಾಕಿತ್ತು. ನಾನು ಬ್ಯಾಟರಿ ಅಂಗಡಿಗೆ ಹೋಗಿ ಜಗಳ ಮಾಡಿದೆ.

ಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕು ರಾತ್ರಿ ಬೆಳಗಾಗುವುದರಲ್ಲಿ ಖಾಲಿಯಾದರೆ ಯಾರೂ ಹೊಸ ಟ್ಯಾಂಕು ತರುವುದಿಲ್ಲ. ಯಾವ ನಲ್ಲಿ ತೊಟ್ಟಿಕ್ಕುತ್ತಿದೆ, ಯಾವ ಬಚ್ಚಲಲ್ಲಿ ಪೈಪು ಒಡೆದಿದೆ ಎಂದು ಹುಡುಕುತ್ತಾರೆ. ಕಾರಿನ ವಿಷಯದಲ್ಲಿ ಮಾತ್ರ ನಾವೆಲ್ಲ ಮೊದಲು ಟ್ಯಾಂಕನ್ನೇ ಬದಲಿಸುತ್ತೇವೆ. ಬ್ಯಾಟರಿ ಕಣ್ಣಿಗೆ ಕಾಣುತ್ತದೆ, ಅಂಗಡಿಯಲ್ಲಿ ಸಿಗುತ್ತದೆ, ವಾರಂಟಿ ಕಾರ್ಡು ಬರುತ್ತದೆ. ಸೋರುವ ಕರೆಂಟು ಇದ್ಯಾವುದೂ ಅಲ್ಲ.

ಲೆಕ್ಕ ಬಹಳ ಸುಲಭ. 35 ಎಎಚ್ ಎಂದರೆ ಸುಮಾರಾಗಿ ಒಂದು ಆಂಪಿಯರಿನಂತೆ 35 ಗಂಟೆ ಕೊಡುವ ಸಂಗ್ರಹ. ಈಗಿನ ಕಾರು ಕೀ ತೆಗೆದ ಮೇಲೂ ಒಂದಿಷ್ಟು ಕರೆಂಟು ತಿನ್ನುತ್ತದೆ. ಗಡಿಯಾರ ಓಡಬೇಕು, ರಿಮೋಟ್ ಲಾಕು ನಿಮ್ಮ ಕೀಗೆ ಕಾದಿರಬೇಕು, ಇಂಜಿನ್ನಿನ ಕಂಪ್ಯೂಟರ್ ತನ್ನ ನೆನಪು ಉಳಿಸಿಕೊಳ್ಳಬೇಕು. ಇವೆಲ್ಲ ಸೇರಿ 50 ಮಿಲಿ ಆಂಪಿಯರ್ ಒಳಗಿದ್ದರೆ ದೋಷವಿಲ್ಲ ಎನ್ನುವುದು ಗ್ಯಾರೇಜುಗಳಲ್ಲಿ ನಡೆದುಬಂದ ಲೆಕ್ಕ. ಅಂದರೆ ದಿನಕ್ಕೆ 1.2 ಎಎಚ್. ಎರಡು ವಾರ ನಿಂತರೂ ಅರ್ಧ ಬ್ಯಾಟರಿ ಉಳಿದಿರುತ್ತದೆ. ಡಿಕ್ಕಿಯ 5 ವ್ಯಾಟಿನ ಒಂದು ಪುಟ್ಟ ಬಲ್ಬು ಆರದೆ ಉಳಿಯಿತು ಎನ್ನಿ. 5ನ್ನು 12ರಿಂದ ಭಾಗಿಸಿದರೆ 0.42 ಆಂಪಿಯರ್, ದಿನಕ್ಕೆ 10 ಎಎಚ್. ಎರಡು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ. ಸೆಲ್ಫ್ ಮೋಟಾರು ನೂರಾರು ಆಂಪಿಯರ್ ಎಳೆಯುವ ಹೊಟ್ಟೆಬಾಕ. ಅರ್ಧ ಖಾಲಿಯಾದ ಬ್ಯಾಟರಿಯಿಂದ ಅದಕ್ಕೆ ಉಣಿಸುವುದು ಕಷ್ಟ.

ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬಂದರೆ ಅರ್ಧ ನಿಮಿಷದಲ್ಲಿ ಬಿಡಿಸುತ್ತಿದ್ದೆ. ಅದು ನನ್ನ ಶೆಡ್ಡಿನಲ್ಲೇ ನಿಂತಿದೆ ಎಂದು ಹೊಳೆಯಲಿಲ್ಲ.

ಹೊಳೆದ ಮೇಲೆ ಇನ್ನೊಂದು ತಪ್ಪು ಮಾಡಿದೆ. ಕಾಲೇಜಿನ ಪ್ರಯೋಗಾಲಯದಿಂದ ಮಲ್ಟಿಮೀಟರ್ ತಂದೆ. ಕರೆಂಟ್ ಅಳೆಯಲು ಮೀಟರನ್ನು ಸರ್ಕೀಟಿನ ನಡುವೆ ಸೇರಿಸಬೇಕು. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ತಂತಿಗೂ ಬ್ಯಾಟರಿಗೂ ನಡುವೆ ಮೀಟರಿನ ಎರಡು ಮೊನೆ ಹಿಡಿದರೆ ಕಾರು ಕುಡಿಯುವ ಕರೆಂಟೆಲ್ಲ ಮೀಟರಿನ ಮೂಲಕವೇ ಹಾದುಹೋಗುತ್ತದೆ. ಸರಿಯಾಗಿಯೇ ಮಾಡಿದೆ. ಕೆಂಪು ವೈರನ್ನು 10 ಆಂಪಿಯರ್ ಎಂದು ಬರೆದ ತೂತಿಗೇ ಸಿಕ್ಕಿಸಿದೆ. ಅಂಕಿ ಬಂತು. ಆ ಹೊತ್ತಿಗೆ ಮಗಳು ಹೊರಗೆ ಬಂದು “ಅಪ್ಪಾ, ಸರಿ ಆಯ್ತಾ?” ಎಂದು ಕೇಳಿ, ಕಾರೊಳಗೆ ಕೂತು ಕೀ ತಿರುಗಿಸಿಬಿಟ್ಟಳು. ಮೀಟರಿನೊಳಗೆ ‘ಫಟ್’ ಎಂದಿತು. ಹತ್ತು ಆಂಪಿಯರಿನ ಮೀಟರಿನಲ್ಲಿ ಸೆಲ್ಫ್ ಮೋಟಾರಿನ ಕರೆಂಟು ಹೋಗಲು ನೋಡಿದರೆ ಒಳಗಿನ ಫ್ಯೂಸು ಪ್ರಾಣ ಕೊಡುತ್ತದೆ. ತಪ್ಪು ಮಗಳದಲ್ಲ. ಕೀ ನನ್ನ ಜೇಬಿನಲ್ಲಿ ಇರಬೇಕಿತ್ತು.

ಮೀಟರಿಗೆ ಹೊಸ ಫ್ಯೂಸು ಹಾಕಿಸಿ ಕಾಲೇಜಿಗೆ ಹಿಂತಿರುಗಿಸಿ, ಶನಿವಾರ ಮಧ್ಯಾಹ್ನ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಹೋದೆ. ವೈರಿಂಗ್ ಕೆಲಸ ಮಾಡುವ ಒಬ್ಬ ಮೇಸ್ತ್ರಿ ಅಲ್ಲಿದ್ದಾರೆ. ಅರವತ್ತು ದಾಟಿದ ವಯಸ್ಸು, ಎರಡು ಕನ್ನಡಕ. ಒಂದು ಮೂಗಿನ ಮೇಲೆ, ಒಂದು ಹಣೆಯ ಮೇಲೆ. ಅಂಗಡಿ ಎಂದರೆ ಒಂದು ಬೆಂಚು, ಗೋಡೆಗೆ ನೇತುಹಾಕಿದ ಹಳೆಯ ವೈರಿಂಗ್ ಸೆಟ್ಟುಗಳು, ಮತ್ತು ಎರಡು ತಂತಿಗೆ ಇಂಡಿಕೇಟರ್ ಬಲ್ಬು ಬೆಸೆದು ಮಾಡಿದ ಟೆಸ್ಟ್ ಲ್ಯಾಂಪು. ಕಥೆ ಪೂರ್ತಿ ಕೇಳಿದರು. ಕೇಳಿದ ಮೇಲೆ ಒಂದೇ ಪ್ರಶ್ನೆ ಹಾಕಿದರು.

“ಹೊಸ ಬ್ಯಾಟ್ರಿ ಹಳೇದಕ್ಕಿಂತ ಬೇಗ ಇಳೀತು ಅಂತೀರಿ. ಅದ್ಯಾಕೆ ಅಂತ ಯೋಚ್ನೆ ಮಾಡಿದ್ರಾ ಮೇಷ್ಟ್ರೇ?”

ಮಾಡಿರಲಿಲ್ಲ.

ಮೇಸ್ತ್ರಿ ಮೊದಲು ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜ್‌ಗೆ ಹಾಕಿದರು. ಅರೆಹೊಟ್ಟೆಯ ಬ್ಯಾಟರಿ ಇಟ್ಟುಕೊಂಡು ಪರೀಕ್ಷೆ ಮಾಡಿದರೆ ಯಾವ ಅಂಕಿಯನ್ನೂ ನಂಬುವಂತಿಲ್ಲ ಎನ್ನುವುದು ಅವರ ಕಟ್ಟುನಿಟ್ಟು. ಮರುದಿನ ಹೋದಾಗ ವೋಲ್ಟೇಜ್ ತೋರಿಸಿದರು: 12.6. ಸೀಸದ ಬ್ಯಾಟರಿಯಲ್ಲಿ ಆರು ಕೋಶ, ಒಂದೊಂದಕ್ಕೂ 2.1 ವೋಲ್ಟ್. ಪೂರ್ತಿ ತುಂಬಿದಾಗ 12.6, ಅರ್ಧವಾದಾಗ 12.2ರ ಸುಮಾರು, 12ಕ್ಕೆ ಇಳಿದರೆ ಕಾಲು ಭಾಗ ಉಳಿದಿದೆ ಎಂದರ್ಥ. ಹನ್ನೆರಡು ವೋಲ್ಟಿನ ಬ್ಯಾಟರಿ ಹನ್ನೆರಡು ತೋರಿಸಿದರೆ ಸರಿಯಿದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಜ್ವರ ನೂರಕ್ಕೆ ನೂರು ಬಂದಿದೆ ಎಂದು ಸಂತೋಷಪಟ್ಟ ಹಾಗೆ. ಆಮೇಲೆ ಇಂಜಿನ್ ಓಡಿಸಿ ನೋಡಿದರು: 14.1. ಚಾರ್ಜಿಂಗ್ ಚೆನ್ನಾಗಿಯೇ ಇತ್ತು. ಜಂಪರ್ ಹುಡುಗ ಹೇಳಿದ್ದು ಸರಿ ಎಂದು ನನಗನ್ನಿಸಿತು. ಮೇಸ್ತ್ರಿ ಮಾತಾಡಲಿಲ್ಲ.

ಇಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ, ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಕಾರಿಗೆ ‘ಬಾನೆಟ್ ಮುಚ್ಚಿದೆ’ ಎಂಬ ಭ್ರಮೆ ಹುಟ್ಟಿಸಿದರು. ಬಾಗಿಲಿಗೂ ಹಾಗೆಯೇ. ಬಾಗಿಲು ತೆರೆದೇ ಇರುತ್ತದೆ, ಲಾಕು ಮಾತ್ರ ಮುಚ್ಚಿದಂತೆ ಕೂತಿರುತ್ತದೆ. ಕೀಯನ್ನು ನನ್ನಿಂದ ಇಸಕೊಂಡು ಅಂಗಡಿಯ ಒಳಗೆ, ಗಲ್ಲಾಪೆಟ್ಟಿಗೆಯಲ್ಲಿ ಇಟ್ಟರು. ಮೀಟರ್ ಸೇರಿಸಿದರು. 2.8 ಆಂಪಿಯರ್ ಎಂದಿತು.

“ಅಬ್ಬಾ, ಇಷ್ಟೊಂದಾ!” ಎಂದೆ.

“ಅದನ್ನ ನೋಡಬೇಡಿ. ಟೀ ಕುಡಿಯೋಣ ಬನ್ನಿ.”

ಈ ಟೀಯೇ ಇಡೀ ಪರೀಕ್ಷೆಯ ಜೀವ ಎಂದು ಆಮೇಲೆ ತಿಳಿಯಿತು. ಈಗಿನ ಕಾರಿನಲ್ಲಿ ಇಂಜಿನ್ನಿಗೆ ಒಂದು, ಬಾಗಿಲು ದೀಪಗಳಿಗೆ ಒಂದು, ಬ್ರೇಕಿಗೆ ಒಂದು, ಏರ್‌ಬ್ಯಾಗಿಗೆ ಒಂದು ಎಂದು ಹಲವು ಪುಟ್ಟ ಕಂಪ್ಯೂಟರುಗಳು. ಕೀ ತೆಗೆದ ಕೂಡಲೇ ಅವೆಲ್ಲ ಮಲಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ದೀಪ ಆರಿಸಿದ ಮೇಲೂ ಗುಸುಗುಸು ನಡೆಯುವ ಹಾಗೆ ತಮ್ಮತಮ್ಮಲ್ಲಿ ಮಾತಾಡಿಕೊಂಡು, ಒಂದೊಂದಾಗಿ ನಿದ್ದೆಗೆ ಜಾರುತ್ತವೆ. ಕೆಲವು ಕಾರಿಗೆ ಇಪ್ಪತ್ತು ನಿಮಿಷ ಸಾಕು, ಕೆಲವಕ್ಕೆ ಒಂದು ಗಂಟೆ ಬೇಕು. ಅಷ್ಟರೊಳಗೆ ಯಾರಾದರೂ ಬಾಗಿಲು ತೆಗೆದರೆ, ಕೀ ಹತ್ತಿರ ತಂದರೆ, ಎಲ್ಲ ಮತ್ತೆ ಎದ್ದು ಕೂರುತ್ತವೆ. ಲೆಕ್ಕ ಮೊದಲಿನಿಂದ ಶುರು. ಕೀ ತೆಗೆದ ಎರಡೇ ನಿಮಿಷಕ್ಕೆ ಮೀಟರ್ ಹಿಡಿದು “ಎರಡು ಆಂಪಿಯರ್ ಲೀಕ್ ಇದೆ, ಕಂಪ್ಯೂಟರ್ ಹೋಗಿದೆ, ಬದಲಾಯಿಸಬೇಕು” ಎಂದು ಹೆದರಿಸುವವರಿಗೆ ಕಾಯುವ ತಾಳ್ಮೆ ಇಲ್ಲ, ಅಥವಾ ಕಾಯದಿರುವುದರಲ್ಲಿ ಲಾಭವಿದೆ.

ಟೀ ಅಂಗಡಿಯಲ್ಲಿ ಮೇಸ್ತ್ರಿ ತಮ್ಮ ಹಳೆಯ ಕೇಸುಗಳನ್ನು ಬಿಚ್ಚಿದರು. ಭದ್ರಾವತಿಯ ಒಬ್ಬರ ಕಾರಿನಲ್ಲಿ ಬ್ರೇಕ್ ಪೆಡಲಿನ ಮೇಲ್ಭಾಗದಲ್ಲಿ ಸ್ವಿಚ್ಚನ್ನು ಒತ್ತಿ ಹಿಡಿಯುವ ಒಂದು ರೂಪಾಯಿಯಷ್ಟಗಲದ ರಬ್ಬರ್ ಬಿರಡೆ ಪುಡಿಯಾಗಿ ಬಿದ್ದಿತ್ತು. ಪೆಡಲ್ ಬಿಟ್ಟರೂ ಸ್ವಿಚ್ಚು ಒತ್ತಿಕೊಳ್ಳದೆ, ಶೆಡ್ಡಿನ ಗೋಡೆಗೆ ಹಿಂಬದಿ ಕೊಟ್ಟು ನಿಂತ ಕಾರಿನ ಬ್ರೇಕ್ ದೀಪಗಳು ರಾತ್ರಿಯೆಲ್ಲ ಉರಿಯುತ್ತಿದ್ದವು. ಕಾರ್ಪೆಟ್ಟಿನ ಮೇಲೆ ರಬ್ಬರಿನ ಚೂರು ಕಂಡರೆ ಮೊದಲು ಪೆಡಲ್ ನೋಡಿ ಎಂದರು. ಇನ್ನೊಬ್ಬರ ಕಾರಿನ ಡಿಕ್ಕಿಯ ದೀಪ ಮುಚ್ಚಿದ ಮೇಲೂ ಆರುತ್ತಿರಲಿಲ್ಲ. ಮುಚ್ಚಿದ ಡಿಕ್ಕಿಯೊಳಗೆ ನೋಡುವುದು ಹೇಗೆ? ಫೋನಿನಲ್ಲಿ ವಿಡಿಯೊ ಆನ್ ಮಾಡಿ ಒಳಗಿಟ್ಟು ಮುಚ್ಚಿದರಾಯಿತು. ಫ್ರಿಜ್ಜಿನ ಬಾಗಿಲು ಮುಚ್ಚಿದಾಗ ಒಳಗಿನ ದೀಪ ಆರುತ್ತದೆಯೇ ಎಂಬ ನನ್ನ ಬಾಲ್ಯದ ಅನುಮಾನಕ್ಕೂ ಇದೇ ಉತ್ತರ. ಮತ್ತೊಬ್ಬರದು ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರು. ಕೀಯನ್ನು ಹಜಾರದ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಗೋಡೆಯ ಆಚೆಗೆ ಕಾರು. ‘ಒಡೆಯ ಬಂದ’ ಎಂದು ಅದು ರಾತ್ರಿಯೆಲ್ಲ ಎದ್ದೆದ್ದು ಕೂರುತ್ತಿತ್ತು. ಮೊಳೆಯನ್ನು ಅಡುಗೆಮನೆಗೆ ಬದಲಾಯಿಸಿದ್ದೇ ರಿಪೇರಿ.

ಮಲೆನಾಡಿನ ಕಾರುಗಳಿಗೆ ಬೇರೆಯೇ ಕಾಟ. ಮಳೆಗಾಲದಲ್ಲಿ ಬೆಚ್ಚಗಿರುವ ಜಾಗ ಹುಡುಕಿ ಇಲಿಗಳು ಬಾನೆಟ್ ಒಳಗೆ ಸಂಸಾರ ಹೂಡಿ, ವೈರಿನ ಮೇಲಿನ ಹೊದಿಕೆ ಕಡಿಯುತ್ತವೆ. ಬೋಳಾದ ತಂತಿ ತಗಡಿಗೆ ತಾಗಿದರೆ ಫ್ಯೂಸು ಹೋಗುತ್ತದೆ, ಅದು ಬೇಗ ತಿಳಿಯುತ್ತದೆ. ಒದ್ದೆಯ ಮೂಲಕ ಸ್ವಲ್ಪ ಸ್ವಲ್ಪವೇ ಸೋರಿದರೆ ತಿಳಿಯುವುದೇ ಇಲ್ಲ. ಕಪ್ಲರಿನೊಳಗೆ ನೀರು ಕೂತು ಹಸಿರು ಕಿಲುಬು ಹಿಡಿದದ್ದನ್ನು ಅವರು ವಾರಕ್ಕೊಂದಾದರೂ ನೋಡುತ್ತಾರಂತೆ. “ಫಾಸ್ಟ್ಯಾಗ್ ಕರೆಂಟ್ ತಿನ್ನುತ್ತಾ?” ಎಂದು ಒಬ್ಬ ಗಿರಾಕಿ ಕೇಳಿದ್ದನ್ನು ಹೇಳಿ ನಕ್ಕರು. ತಿನ್ನುವುದಿಲ್ಲ. ಅದರಲ್ಲಿ ಬ್ಯಾಟರಿಯೂ ಇಲ್ಲ, ಕಾರಿನ ತಂತಿಗೆ ಸಂಬಂಧವೂ ಇಲ್ಲ; ಟೋಲಿನ ಯಂತ್ರ ಎರಚುವ ರೇಡಿಯೊ ಅಲೆಯಿಂದಲೇ ಎಚ್ಚರಗೊಂಡು ಉತ್ತರ ಕೊಡುತ್ತದೆ.

ನಾನು ನಮ್ಮೂರಿನ ಅಂಬಾಸಿಡರ್ ಟ್ಯಾಕ್ಸಿಯ ಕಥೆ ಹೇಳಿದೆ. ಬ್ಯಾಟರಿ ಕೂತುಹೋದರೆ ಡ್ರೈವರ್ ಡಿಕ್ಕಿಯಿಂದ ಹ್ಯಾಂಡಲ್ ತೆಗೆದು, ಮುಂದಿನ ಬಂಪರಿನ ತೂತಿಗೆ ಹಾಕಿ, ಒಂದು ಸುತ್ತು ತಿರುಗಿಸಿದರೆ ಇಂಜಿನ್ ಎದ್ದೇಳುತ್ತಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿಯಬೇಕು, ಇಲ್ಲವಾದರೆ ಇಂಜಿನ್ ಒದ್ದಾಗ ಮುರಿಯುತ್ತದೆ ಎಂದು ನಮಗೆ ಹೇಳಿಕೊಟ್ಟವನು ಅವನೇ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದು ಜಗತ್ತಿನ ಎಷ್ಟೋ ಕೈಗಳನ್ನು ಉಳಿಸಿತು. ಜೊತೆಗೆ ಕಾರನ್ನು ಪೂರ್ತಿಯಾಗಿ ಬ್ಯಾಟರಿಯ ಅಡಿಯಾಳಾಗಿಸಿತು. ಆ ಬ್ಯಾಟರಿಯಾದರೂ ಹೊಸದಲ್ಲ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ತಗಡು ಮತ್ತು ಗಂಧಕಾಮ್ಲದಿಂದ ಮಾಡಿದ್ದೇ ಇಂದಿಗೂ ನಮ್ಮ ಬಾನೆಟ್ ಕೆಳಗಿದೆ. ಎಲೆಕ್ಟ್ರಿಕ್ ಕಾರು ಕೊಂಡರೆ ಈ ತಾಪತ್ರಯ ಇಲ್ಲವೆಂದು ತಿಳಿಯಬೇಡಿ. ಅವುಗಳಲ್ಲಿಯೂ ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್ಚನ್ನು ಎಬ್ಬಿಸಲು 12 ವೋಲ್ಟಿನ ಚಿಕ್ಕ ಬ್ಯಾಟರಿಯೊಂದು ಬೇಕು. ಅದು ಇಳಿದರೆ ಹೊಟ್ಟೆ ತುಂಬ ಚಾರ್ಜಿದ್ದ ಕಾರೂ ಅಲ್ಲಾಡುವುದಿಲ್ಲ.

ನಲವತ್ತು ನಿಮಿಷದ ಮೇಲೆ ವಾಪಸು ಬಂದೆವು. ಮೀಟರಿನಲ್ಲಿ 0.45 ಎಂದಿತ್ತು. ಇದೇ ನಿಜವಾದ ಅಂಕಿ. ದಿನಕ್ಕೆ 10.8 ಎಎಚ್. ಭಾನುವಾರ ಸಂಜೆಯಿಂದ ಬುಧವಾರ ಬೆಳಿಗ್ಗೆವರೆಗೆ ಎರಡೂವರೆ ದಿನ, 27 ಎಎಚ್. ಪಾಪ, ಹೊಸ ಬ್ಯಾಟರಿ ತಾನೇ ಏನು ಮಾಡೀತು.

ಮುಂದಿನದು ಫ್ಯೂಸುಗಳ ಸರದಿ. ಒಂದೊಂದಾಗಿ ಕೀಳುತ್ತ ಹೋಗಿ ಮೀಟರಿನ ಅಂಕಿ ಯಾವಾಗ ಬೀಳುತ್ತದೆ ಎಂದು ನೋಡುವುದು ಹಳೆಯ ಪದ್ಧತಿ. ಮೇಸ್ತ್ರಿ ಕೀಳಲಿಲ್ಲ. ಫ್ಯೂಸು ಕಿತ್ತು ಹಾಕಿದರೆ ಮಲಗಿದ ಕಂಪ್ಯೂಟರ್ ಮತ್ತೆ ಎದ್ದೀತು ಎನ್ನುವುದು ಅವರ ಹೆದರಿಕೆ. ಇನ್ನೊಂದು ಮೀಟರ್ ತೆಗೆದು ಮಿಲಿವೋಲ್ಟಿಗೆ ತಿರುಗಿಸಿದರು. ಫ್ಯೂಸಿನ ತಲೆಯ ಮೇಲೆ ಎರಡು ಚಿಕ್ಕ ಲೋಹದ ಚುಕ್ಕೆಗಳಿರುತ್ತವೆ, ಎಷ್ಟು ಸಲ ಕಂಡರೂ ಯಾಕಿವೆ ಎಂದು ನಾನು ಕೇಳಿಕೊಂಡಿರಲಿಲ್ಲ. ಆ ಎರಡು ಚುಕ್ಕೆಗೆ ಎರಡು ಮೊನೆ ತಾಗಿಸಿದರು. ಸೊನ್ನೆ. ಪಕ್ಕದ್ದು, ಸೊನ್ನೆ. ಅದರ ಪಕ್ಕದ್ದು, ಸೊನ್ನೆ. ಕೊನೆಯ ಸಾಲಿನ ಒಂದು ಕೆಂಪು 10 ಆಂಪಿಯರ್ ಫ್ಯೂಸಿನ ಮೇಲೆ 1.8 ಮಿಲಿವೋಲ್ಟ್ ತೋರಿಸಿತು.

ನಾನು ನಿಂತಲ್ಲೇ ನಿಂತೆ. ಫ್ಯೂಸು ಎಂದರೆ ಒಂದು ತುಂಡು ತಂತಿ. ಅದಕ್ಕೂ ಅತಿ ಚಿಕ್ಕ ರೋಧ ಇದ್ದೇ ಇದೆ, ಓಮ್‌ನ ಸಾವಿರದಲ್ಲಿ ಏಳೆಂಟು ಪಾಲು. ಅದರ ಮೂಲಕ ಕರೆಂಟು ಹರಿಯುತ್ತಿದ್ದರೆ ಎರಡು ತುದಿಯ ನಡುವೆ ವೋಲ್ಟೇಜ್ ಬೀಳಲೇಬೇಕು. ಹರಿಯದಿದ್ದರೆ ಸೊನ್ನೆ. ಜರ್ಮನಿಯ ಗೇಯೊರ್ಗ್ ಓಮ್ 1827ರಲ್ಲಿ ಅಚ್ಚು ಹಾಕಿಸಿದ ನಿಯಮ. ನಾನು ಅದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತೇನೆ. ಈ ಮನುಷ್ಯ ಅದನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡು ಕಾರಿನ ನಾಡಿ ನೋಡುತ್ತಿದ್ದಾರೆ. ಅವರಿಗೆ ಓಮ್ ಯಾರೆಂದು ಗೊತ್ತಿಲ್ಲ, ಕೇಳಿಯೇ ನೋಡಿದೆ. “ನಮ್ಮ ಉಸ್ತಾದ್ ಹೇಳ್ಕೊಟ್ಟಿದ್ದು” ಎಂದರು.

ಆ ಫ್ಯೂಸು ಕಿತ್ತರು. ದೊಡ್ಡ ಮೀಟರಿನ ಅಂಕಿ 0.45ರಿಂದ 0.21ಕ್ಕೆ ಬಿತ್ತು. ಮ್ಯೂಸಿಕ್ ಸಿಸ್ಟಂ.

ಜೂನ್ ತಿಂಗಳಲ್ಲಿ ಮಗಳ ಒತ್ತಾಯಕ್ಕೆ ದೊಡ್ಡ ಪರದೆಯ ಸ್ಟೀರಿಯೊ ಹಾಕಿಸಿದ್ದೆ. ಕಾರು ಬಂದಾಗ ಇದ್ದ ಸೆಟ್ಟನ್ನು ತೆಗೆದು ಹೊಸದನ್ನು ಕೂರಿಸಿದ ಆಕ್ಸೆಸರಿ ಅಂಗಡಿಯವನು “ಕೀ ಇಲ್ದೇನೂ ಹಾಡು ಕೇಳ್ಬಹುದು ಸಾರ್” ಎಂದು ಅದನ್ನೊಂದು ಸೌಲಭ್ಯದ ಹಾಗೆ ಹೇಳಿದ್ದ. ಮೇಸ್ತ್ರಿ ಡ್ಯಾಶ್‌ಬೋರ್ಡಿನ ಚೌಕಟ್ಟು ಬಿಚ್ಚಿ ಆ ಸೌಲಭ್ಯ ತೋರಿಸಿದರು. ಇಂಥ ಸೆಟ್ಟುಗಳಿಗೆ ಸಾಮಾನ್ಯವಾಗಿ ಎರಡು ಪ್ಲಸ್ ತಂತಿ ಇರುತ್ತವೆ. ಹಳದಿ ತಂತಿಗೆ ಯಾವಾಗಲೂ ಕರೆಂಟು ಇರಬೇಕು, ನೆನಪು ಉಳಿಯಲು. ಕೆಂಪು ತಂತಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು, ಸೆಟ್ಟನ್ನು ಎಬ್ಬಿಸಲು. ನನ್ನ ಕಾರಿನಲ್ಲಿ ಕೆಂಪು ಹಳದಿ ಎರಡನ್ನೂ ಒಟ್ಟಿಗೆ ಹೊಸೆದು, ಟೇಪ್ ಸುತ್ತಿ, ಯಾವಾಗಲೂ ಕರೆಂಟಿರುವ ತಂತಿಗೇ ಕಟ್ಟಿತ್ತು. ರಾತ್ರಿ ಬಟನ್ ಒತ್ತಿದರೆ ಪರದೆ ಕಪ್ಪಾಗುತ್ತಿತ್ತು. ನಾವು ಅದನ್ನು ನಿದ್ದೆ ಎಂದುಕೊಂಡಿದ್ದೆವು. ಅದು ಕಣ್ಣು ಮುಚ್ಚಿಕೊಂಡು ಎಚ್ಚರವಾಗಿರುವುದು.

ಮೇಸ್ತ್ರಿ ಕೆಂಪು ತಂತಿಯನ್ನು ಬೇರೆ ಮಾಡಿ, ಕೀ ಜೊತೆಗೆ ಬರುವ ಕರೆಂಟನ್ನು ಟೆಸ್ಟ್ ಲ್ಯಾಂಪಿನಿಂದ ಹುಡುಕಿ, ಬೆಸುಗೆ ಹಾಕಿ, ತೋಳು ತೊಡಿಸಿ ಬಿಗಿದರು. ಹದಿನೈದು ನಿಮಿಷದ ಕೆಲಸ. ನಾನು ಪರ್ಸು ತೆಗೆದೆ.

“ಕೂತ್ಕೊಳ್ಳಿ ಮೇಷ್ಟ್ರೇ. ಇನ್ನೂ 0.21 ಇದೆ.”

ಹೆಚ್ಚಿನ ರಿಪೇರಿಗಳು ಇಲ್ಲಿಗೇ ಮುಗಿಯುತ್ತವೆ ಎಂದು ನನಗನ್ನಿಸುತ್ತದೆ. ಒಬ್ಬ ಕಳ್ಳ ಸಿಕ್ಕ ಕೂಡಲೇ ಎಲ್ಲರಿಗೂ ಮನೆಗೆ ಹೋಗುವ ಆತುರ. 0.21 ಎಂದರೆ ದಿನಕ್ಕೆ 5 ಎಎಚ್. ಮೂರು ದಿನದ ಬದಲು ಐದು ದಿನಕ್ಕೆ ಕಾರು ಸಾಯುತ್ತಿತ್ತು, ನಾನು ಬಂದು ಮೇಸ್ತ್ರಿಯ ಜೊತೆ ಜಗಳ ಮಾಡುತ್ತಿದ್ದೆ.

ಉಳಿದ ಫ್ಯೂಸುಗಳ ಮೇಲೆಲ್ಲ ಮೊನೆ ತಾಗಿಸಿ ನೋಡಿದರು. ಏನೂ ಇಲ್ಲ. ರಿಲೇಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅಂಟಿಕೊಂಡು ಆನ್ ಆಗಿಯೇ ಉಳಿದ ರಿಲೇ ಬೆಚ್ಚಗಿರುತ್ತದೆ. ಎಲ್ಲ ತಣ್ಣಗಿದ್ದವು. ಕೊನೆಗೆ ಕೀಳಬಹುದಾದ ಫ್ಯೂಸುಗಳನ್ನೆಲ್ಲ ಕಿತ್ತು ಒಂದು ತಟ್ಟೆಯಲ್ಲಿ ಸಾಲಾಗಿ ಜೋಡಿಸಿದರು. ಮೀಟರ್ 0.19 ಎಂದಿತು. ಕಾರಿನಲ್ಲಿ ಒಂದೂ ಫ್ಯೂಸಿಲ್ಲ, ಆದರೂ ಕರೆಂಟು ಹರಿಯುತ್ತಿದೆ. ನನಗೆ ದಿಕ್ಕು ತಪ್ಪಿತು. ಮೇಸ್ತ್ರಿ ಮೊದಲ ಬಾರಿಗೆ ಮುಗುಳ್ನಕ್ಕರು.

ಫ್ಯೂಸಿನ ಸಾಲನ್ನು ಬಳಸದೆ ಹೋಗುವ ಒಂದು ದಪ್ಪ ತಂತಿ ಇದೆ. ಆಲ್ಟರ್ನೇಟರಿನ ಬೆನ್ನಿನಿಂದ ಹೊರಟು, ಬೋಲ್ಟ್ ಹಾಕಿ ಬಿಗಿದ ದೊಡ್ಡ ಫ್ಯೂಸೊಂದರ ಮೂಲಕ ನೇರ ಬ್ಯಾಟರಿಯ ಪ್ಲಸ್‌ಗೆ ಸೇರುವ ತಂತಿ. ಆಲ್ಟರ್ನೇಟರ್ ಹುಟ್ಟಿಸುವುದು ಎಸಿ ಕರೆಂಟನ್ನು. ಒಳಗಿನ ಡಯೋಡುಗಳು ಅದನ್ನು ಡಿಸಿ ಮಾಡಿ ಬ್ಯಾಟರಿಗೆ ಕಳಿಸುತ್ತವೆ. ಡಯೋಡೆಂದರೆ ಒಂದೇ ಕಡೆ ತೆರೆಯುವ ಬಾಗಿಲು. ಆ ಬಾಗಿಲು ಹಾಳಾದರೆ ಹಗಲು ಬ್ಯಾಟರಿಗೆ ಹೋದ ಕರೆಂಟು ರಾತ್ರಿ ಅದೇ ದಾರಿಯಲ್ಲಿ ವಾಪಸು ಸೋರುತ್ತದೆ. ಚಾರ್ಜಿಂಗ್ ಮಾತ್ರ 14.1 ಎಂದು ಚೆನ್ನಾಗಿಯೇ ಕಾಣುತ್ತದೆ. ಹಗಲೆಲ್ಲ ನಿಯತ್ತಾಗಿ ದುಡಿದು ರಾತ್ರಿ ಕಣಜಕ್ಕೆ ಕನ್ನ ಹಾಕುವ ಆಳಿನ ಹಾಗೆ.

ಫ್ಯೂಸುಗಳನ್ನೆಲ್ಲ ಮತ್ತೆ ಹಾಕಿ, ಬ್ಯಾಟರಿ ತಂತಿ ಕಳಚಿಟ್ಟು ಆ ದಪ್ಪ ತಂತಿಯನ್ನು ಆಲ್ಟರ್ನೇಟರಿನಿಂದ ಬಿಚ್ಚಿ, ಮತ್ತೊಂದು ಸುತ್ತು ಟೀ ಆಯಿತು. ಮೀಟರ್ 0.02. ಇಪ್ಪತ್ತು ಮಿಲಿ ಆಂಪಿಯರ್. ಕಾರಿಗೆ ಕೊನೆಗೂ ನಿದ್ದೆ ಬಂದಿತ್ತು.

ಆಲ್ಟರ್ನೇಟರ್ ಇಳಿಸಿ ಬಿಚ್ಚಿದ ಮೇಲೆ ಡಯೋಡ್ ಪ್ಲೇಟು ಹೊರಬಂತು. ಒಳ್ಳೆಯ ಡಯೋಡಿಗೆ ಮೀಟರ್ ಹಿಡಿದರೆ ಒಂದು ಕಡೆಯಿಂದ ಅಂಕಿ ಬರುತ್ತದೆ, ಮೊನೆ ಅದಲುಬದಲು ಮಾಡಿದರೆ ಬರುವುದಿಲ್ಲ. ಎರಡು ಡಯೋಡು ಎರಡೂ ಕಡೆಯಿಂದ ಅಂಕಿ ತೋರಿಸಿದವು. ಇವು ಯಾಕೆ ಹೋದವು ಎಂದು ಕೇಳಿದೆ.

“ಇಂಜಿನ್ ಓಡ್ತಿದ್ದಾಗ ಯಾರಾದ್ರೂ ಬ್ಯಾಟ್ರಿ ತಂತಿ ಕಿತ್ತಿದ್ರಾ?”

ಮಳೆಯ ಬೆಳಗು, ಆ ಹುಡುಗ, ಎತ್ತಿ ಹಿಡಿದ ಮೈನಸ್ ತಂತಿ. ಡೈನಮೊ ಇದ್ದ ಕಾಲದ ಗಾಡಿಗಳಲ್ಲಿ ಚಾರ್ಜಿಂಗ್ ಇದೆಯೇ ಎಂದು ನೋಡಲು ಹೀಗೆ ಮಾಡುತ್ತಿದ್ದರಂತೆ. ಅಭ್ಯಾಸ ಗುರುವಿನಿಂದ ಶಿಷ್ಯನಿಗೆ ಬಂತು, ಗಾಡಿ ಬದಲಾದದ್ದು ಗಮನಕ್ಕೆ ಬರಲಿಲ್ಲ. ಆಲ್ಟರ್ನೇಟರ್ ತುಂಬಿ ಕೊಡುತ್ತಿರುವಾಗ ಬ್ಯಾಟರಿಯನ್ನು ಥಟ್ಟನೆ ಕಳಚಿದರೆ, ಮೆತ್ತೆಯ ಹಾಗೆ ಎಲ್ಲವನ್ನೂ ಹೀರಿಕೊಳ್ಳುತ್ತಿದ್ದ ಬ್ಯಾಟರಿ ಇಲ್ಲದೆ ವೋಲ್ಟೇಜ್ ಒಂದು ಕ್ಷಣ ಹಲವು ಪಟ್ಟು ಜಿಗಿಯುತ್ತದೆ. ಡಯೋಡು, ಇಂಜಿನ್ ಕಂಪ್ಯೂಟರ್, ಯಾವುದು ಬೇಕಾದರೂ ಅದಕ್ಕೆ ಬಲಿಯಾಗಬಹುದು. ಇದರಿಂದಲೇ ಹೋಯಿತು ಎಂದು ಮೇಸ್ತ್ರಿ ಆಣೆ ಮಾಡಲಿಲ್ಲ. ಲೆಕ್ಕ ಮಾತ್ರ ಕೂಡುತ್ತದೆ. ಮೊದಲ ಸಲ ಸೋರುತ್ತಿದ್ದದ್ದು ಸ್ಟೀರಿಯೊ ಒಂದೇ. ಅದನ್ನು ಪತ್ತೆ ಮಾಡಲು ಮಾಡಿದ ಪರೀಕ್ಷೆಯಿಂದ ಎರಡನೆಯ ಸೋರಿಕೆ ಹುಟ್ಟಿಕೊಂಡಿತು. ಹೊಸ ಬ್ಯಾಟರಿ ಹಳೆಯದಕ್ಕಿಂತ ಬೇಗ ಸತ್ತದ್ದಕ್ಕೆ ಉತ್ತರ ಅದು.

ನಿಮ್ಮ ಕಣ್ಣೆದುರು ಯಾರಾದರೂ ಓಡುವ ಇಂಜಿನ್ನಿನಿಂದ ಬ್ಯಾಟರಿ ತಂತಿ ಕೀಳಲು ಹೋದರೆ, ದಯವಿಟ್ಟು ಕೈ ಹಿಡಿದು ನಿಲ್ಲಿಸಿ. ನಿಂತ ಗಾಡಿಯಲ್ಲಿ ತಂತಿ ಬಿಚ್ಚಬೇಕಾದಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪಾನರ್ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಜಂಪರ್ ಹಾಕುವಾಗ ಕಪ್ಪು ತಂತಿಯ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಕಚ್ಚಿಸಬೇಡಿ, ದೂರದಲ್ಲಿ ಇಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಹೊಮ್ಮುತ್ತದೆ, ಕಿಡಿ ಅದರ ಹತ್ತಿರ ಹಾರಬಾರದು.

ಡಯೋಡ್ ಪ್ಲೇಟು, ಬಿಚ್ಚಿ ಹಾಕಿದ ಕೂಲಿ, ಸ್ಟೀರಿಯೊ ವೈರಿಂಗ್ ಎಲ್ಲ ಸೇರಿ ಬ್ಯಾಟರಿಗೆ ಕೊಟ್ಟದ್ದರ ಅರ್ಧವೂ ಆಗಲಿಲ್ಲ. “ಹಳೇ ಬ್ಯಾಟ್ರಿ ಏನ್ ಮಾಡಿದ್ರಿ?” ಎಂದು ಕೇಳಿದರು. ಎಕ್ಸ್‌ಚೇಂಜ್‌ಗೆ ಕೊಟ್ಟೆ ಎಂದೆ. “ಚಾರ್ಜ್ ಮಾಡಿದ್ರೆ ಇನ್ನೊಂದು ವರ್ಷ ಬರ್ತಿತ್ತೇನೋ” ಎಂದರು. ಹಳೆಯ ಬ್ಯಾಟರಿಯನ್ನು ಕಸಕ್ಕೆ ಎಸೆಯದೆ ಹೀಗೆ ಹಿಂತಿರುಗಿಸಬೇಕೆನ್ನುವುದು ಸರಿ. ಬ್ಯಾಟರಿ ತ್ಯಾಜ್ಯದ ಬಗ್ಗೆ 2022ರಲ್ಲಿ ಬಂದ ನಿಯಮಗಳೂ ಅದನ್ನೇ ಹೇಳುತ್ತವೆ. ಆದರೆ ನಾನು ಹಿಂತಿರುಗಿಸಿದ್ದು ಬಹುಶಃ ತ್ಯಾಜ್ಯವಲ್ಲ.

ಹೊರಡುವ ಮೊದಲು ಮೇಸ್ತ್ರಿ ಬಿಳಿ ಟೇಪಿನ ಒಂದು ತುಂಡು ಕತ್ತರಿಸಿ, ಮಾರ್ಕರಿನಲ್ಲಿ ತಾರೀಖು ಮತ್ತು ‘0.02’ ಎಂದು ಬರೆದು, ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದರು. ಆಸ್ಪತ್ರೆಯ ಚೀಟಿಯಲ್ಲಿ ಬಿಪಿ ಬರೆದಿಟ್ಟ ಹಾಗೆ. ಮುಂದೆ ಯಾರಾದರೂ ಕ್ಯಾಮೆರಾ, ಅಲಾರ್ಮ್, ದೀಪ ಏನೇ ಹೊಸದು ಹಾಕಿದರೂ ಕಾರನ್ನು ಮಲಗಲು ಬಿಟ್ಟು ಇನ್ನೊಮ್ಮೆ ಅಳೆದು ಇದರ ಕೆಳಗೆ ಬರೆಯಿರಿ ಎಂದರು. ಟೇಪಿನಲ್ಲಿ ಇನ್ನೂ ಎರಡು ಸಾಲಿನ ಜಾಗ ಖಾಲಿ ಇದೆ.